ಪುಕ್ಕಟೆ ವಿದ್ಯುತ್ತಿನ ಯಂತ್ರ: ಮುಂಗಡ ಕೊಡುವ ಮೊದಲು ಮಾಡಬೇಕಾದ ಲೆಕ್ಕ

ಹೋದ ಬೇಸಿಗೆಯಲ್ಲಿ ನನ್ನ ಚಿಕ್ಕಪ್ಪ ಬಣ್ಣದ ಕರಪತ್ರವೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ಇಂಧನ ಬೇಡದ, ಬಿಸಿಲೂ ಬೇಡದ, ಒಮ್ಮೆ ಬ್ಯಾಟರಿಯಿಂದ ತಿರುಗಿಸಿ ಬಿಟ್ಟರೆ ತನ್ನಷ್ಟಕ್ಕೆ ತಾನೇ ತಿರುಗುತ್ತ ಹಗಲಿರುಳು 5 ಕಿಲೋವ್ಯಾಟ್ ವಿದ್ಯುತ್ ಕೊಡುವ ಯಂತ್ರದ ಚಿತ್ರ ಅದರಲ್ಲಿತ್ತು. ಬೆಲೆ 1,80,000 ರೂಪಾಯಿ. ಆ ತಿಂಗಳೊಳಗೆ 40,000 ಮುಂಗಡ ಕಟ್ಟಿದವರಿಗೆ ರಿಯಾಯಿತಿ. "ನೀನು ಇಷ್ಟು ವರ್ಷ ಹುಡುಗರಿಗೆ ಇದನ್ನೇ ಕಲಿಸಿದವನು, ಒಮ್ಮೆ ನೋಡಿ ಹೇಳು" ಎಂದರು. "ಇದು ಆಗದ ಮಾತು ಚಿಕ್ಕಪ್ಪ, ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಿ ನಾನು ಬೇರೆ ಕೆಲಸಕ್ಕೆ ತಿರುಗಿದೆ. ಅವರು ಕರಪತ್ರವನ್ನು ಮತ್ತೆ ಮಡಚಿಕೊಂಡು ಹೋದರು. ಮರುವಾರ ಮುಂಗಡ ಕಟ್ಟಿದರು. ಯಂತ್ರ ಬರಲಿಲ್ಲ, ಹಣವೂ ಬರಲಿಲ್ಲ.

ತಪ್ಪು ನನ್ನದೂ ಆಗಿತ್ತು. ಶಕ್ತಿ ಸಂರಕ್ಷಣೆಯ ನಿಯಮ ನನಗೆ ನಿಶ್ಚಿತವಾದ ವಿಷಯ. ಅವರಿಗೆ ಅದು ಪುಸ್ತಕದ ಒಂದು ವಾಕ್ಯ. ಎದುರಿಗೆ ತಿರುಗುವ ಚಕ್ರ, ಉರಿಯುವ ಬಲ್ಬು, ನಗುಮುಖದ ಮಾರಾಟಗಾರ ಇರುವಾಗ ವಾಕ್ಯ ಸೋಲುತ್ತದೆ. ಅಂದು ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ಅವರದೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದ್ದರೆ ಹಣ ಉಳಿಯುತ್ತಿತ್ತು. ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಗುಣಾಕಾರ, ಭಾಗಾಕಾರ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಹೇಳಿಕೆಯನ್ನು ಯೂನಿಟ್‌ಗೆ ಇಳಿಸಿ

ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಬಿಡುವಿಲ್ಲದೆ ಒಂದು ಗಂಟೆ ಎಳೆದರೆ, ಅಥವಾ 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಆಗುತ್ತದೆ. ಕಿಲೋವ್ಯಾಟ್ ಎಂಬುದು ವೇಗ, ಯೂನಿಟ್ ಎಂಬುದು ಒಟ್ಟು ಮೊತ್ತ. ನಲ್ಲಿಯಿಂದ ನೀರು ಎಷ್ಟು ಜೋರಾಗಿ ಬರುತ್ತಿದೆ ಎಂಬುದಕ್ಕೂ ತೊಟ್ಟಿಯಲ್ಲಿ ಎಷ್ಟು ಕೊಡ ತುಂಬಿತು ಎಂಬುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಮಾರಾಟದ ಮಾತುಗಳಲ್ಲಿ ಬಹುಪಾಲು ಗೊಂದಲ ಹುಟ್ಟುವುದು ಈ ಎರಡನ್ನು ಕಲಸುವುದರಿಂದ.

ಚಿಕ್ಕಪ್ಪನ ಕರಪತ್ರದ ಯಂತ್ರವನ್ನೇ ತೆಗೆದುಕೊಳ್ಳಿ. 5 ಕಿಲೋವ್ಯಾಟ್ ಯಂತ್ರ ದಿನದ 24 ಗಂಟೆ ನಡೆದರೆ 120 ಯೂನಿಟ್, ತಿಂಗಳಿಗೆ 3,600 ಯೂನಿಟ್. ಯೂನಿಟ್‌ಗೆ ಬರಿ 5 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 18,000 ರೂಪಾಯಿ ಮೌಲ್ಯದ ವಿದ್ಯುತ್. ಹತ್ತೇ ತಿಂಗಳಲ್ಲಿ ಯಂತ್ರದ ಪೂರ್ಣ ಬೆಲೆ ಹುಟ್ಟುತ್ತದೆ. ಇಂಥ ನೂರು ಯಂತ್ರಗಳನ್ನು ಒಂದು ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದರೆ ತಿಂಗಳಿಗೆ 18 ಲಕ್ಷ ರೂಪಾಯಿ ವರಮಾನ. ಅಂಥದ್ದು ಕೈಯಲ್ಲಿರುವವನಿಗೆ ಪಿಂಚಣಿ ಹಣದಲ್ಲಿ ಬದುಕುವ ಒಬ್ಬ ಹಿರಿಯರಿಂದ 40,000 ರೂಪಾಯಿ ಮುಂಗಡ ಏಕೆ ಬೇಕು? ಈ ಪ್ರಶ್ನೆಯನ್ನು ಮಾರಲು ಬಂದವರ ಮುಂದೆ ಗೌರವದಿಂದಲೇ ಇಡಿ ಮತ್ತು ಉತ್ತರವನ್ನು ಬರೆದುಕೊಳ್ಳಿ.

ಇನ್ನೊಂದು ಮಾತು. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ ಬರುವ ಮನೆಗಳಿವೆ. ಅಲ್ಲಿಯೂ ವಿದ್ಯುತ್ತಿಗೆ ಬೆಲೆ ಇದೆ. ಅದನ್ನು ಸರ್ಕಾರ ಎಸ್ಕಾಂಗಳಿಗೆ ಕಟ್ಟುತ್ತದೆ. ಯಾವುದೇ ವಿದ್ಯುತ್ ಪುಕ್ಕಟೆ ಎಂದು ಕೇಳಿದಾಗ, ಅದರ ಬೆಲೆ ತೆರುವವರು ಯಾರು ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಶಕ್ತಿ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ಕೇಳಿ

ಎರಡನೆಯ ಹೆಜ್ಜೆಯೇ ಮುಖ್ಯವಾದದ್ದು. ಜಲವಿದ್ಯುತ್ ಕೇಂದ್ರಕ್ಕೆ ಬೀಳುವ ನೀರು, ಸೌರ ಫಲಕಕ್ಕೆ ಬಿಸಿಲು, ಜನರೇಟರಿಗೆ ಡೀಸೆಲ್, ಗೋಬರ್ ಗ್ಯಾಸಿಗೆ ಸಗಣಿ. ಹೊಸ ಯಂತ್ರಕ್ಕೆ ಏನು? ಮಾರುವವರು ಸಾಮಾನ್ಯವಾಗಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಕೊಡುತ್ತಾರೆ: ಗುರುತ್ವ, ಫ್ಲೈವೀಲ್, ಆಯಸ್ಕಾಂತ, ನೀರು. ಪ್ರತಿಯೊಂದಕ್ಕೂ ಮನೆಯಲ್ಲೇ ಮಾಡಬಹುದಾದ ಲೆಕ್ಕವಿದೆ.

ಗುರುತ್ವದಿಂದ ಎಷ್ಟು ಶಕ್ತಿ ಬರುತ್ತದೆ ಎಂಬುದನ್ನು ತಿಳಿಯಲು ನಮಗೆ ಜೋಗಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಜೋಗದಲ್ಲಿ ನೀರು 253 ಮೀಟರ್ ಆಳಕ್ಕೆ ಬೀಳುತ್ತದೆ. 1000 ಲೀಟರ್ ನೀರು, ಅಂದರೆ ಒಂದು ಟನ್ ಭಾರ, ಅಷ್ಟು ಎತ್ತರದಿಂದ ಬಿದ್ದಾಗ ಸಿಗುವ ಒಟ್ಟು ಶಕ್ತಿ, ಒಂದಿಷ್ಟೂ ನಷ್ಟವಾಗಲಿಲ್ಲ ಎಂದು ಹಿಡಿದರೂ, ಸುಮಾರು 0.69 ಯೂನಿಟ್. ಮೊದಲ ಸಲ ಈ ಲೆಕ್ಕ ಮಾಡಿದ ವಿದ್ಯಾರ್ಥಿಗಳು ಎಲ್ಲೋ ತಪ್ಪಿದೆ ಎಂದು ಮತ್ತೆ ಮಾಡುತ್ತಾರೆ, ತಪ್ಪಿರುವುದಿಲ್ಲ. ದಿನಕ್ಕೆ 120 ಯೂನಿಟ್ ಬೇಕೆಂದರೆ ಜೋಗದಷ್ಟು ಎತ್ತರದಿಂದ ದಿನವೂ ಸುಮಾರು 174 ಟನ್ ನೀರು ಬೀಳಬೇಕು. ಹಾಗಿರುವಾಗ ಎದೆಯೆತ್ತರದ ಚಕ್ರಕ್ಕೆ ಕಟ್ಟಿದ ಕಬ್ಬಿಣದ ತುಂಡುಗಳು ಏನು ಮಾಡಬಲ್ಲವು? ಮೇಲಾಗಿ ಜೋಗದ ನೀರನ್ನು ಮತ್ತೆ ಮೇಲಕ್ಕೆ ಎತ್ತುವುದು ಸೂರ್ಯ. ಚಕ್ರದ ತೂಕವನ್ನು ಮೇಲಕ್ಕೆತ್ತಲು ಇಳಿದಷ್ಟೇ ಶಕ್ತಿಯನ್ನು ಹಿಂದಿರುಗಿಸಬೇಕು. ಈ ಕನಸು ಹಳೆಯದು, ಅದನ್ನು ಕಂಡವರೆಲ್ಲ ಮೋಸಗಾರರೂ ಅಲ್ಲ. ಅರೆಕಾಲುಗಳಲ್ಲಿ ಪಾದರಸ ತುಂಬಿದ, ತಾನೇ ತಿರುಗುವ ಚಕ್ರವೊಂದನ್ನು ನಮ್ಮ ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ವರ್ಣಿಸಿದ್ದಾರೆ. ಅಷ್ಟು ದೊಡ್ಡ ಗಣಿತಜ್ಞರ ಮನಸ್ಸನ್ನೂ ಸೆಳೆದ ವಿಚಾರಕ್ಕೆ ನಮ್ಮ ನೆರೆಯವರು ಮರುಳಾದರೆ ಅವರನ್ನು ಹೀನಾಯವಾಗಿ ಕಾಣಬಾರದು.

ಫ್ಲೈವೀಲ್, ಅಂದರೆ ಭಾರದ ಗಾಲಿ, ವಿಡಿಯೊಗಳಲ್ಲಿ ಅತಿ ಹೆಚ್ಚು ಕಾಣುವ ಸಾಧನ. ಮೋಟರ್ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಬೆಲ್ಟಿನ ಮೂಲಕ ಆಲ್ಟರ್ನೇಟರನ್ನು, ಅಂದರೆ ತಿರುಗಿದಾಗ ವಿದ್ಯುತ್ ಕೊಡುವ ಯಂತ್ರವನ್ನು, ತಿರುಗಿಸುತ್ತದೆ, ಆಲ್ಟರ್ನೇಟರಿನ ವಿದ್ಯುತ್ತಿನಿಂದ ಮೋಟರೂ ನಡೆಯುತ್ತದೆ, ಮನೆಗೂ ಮಿಗುತ್ತದೆ ಎಂಬುದು ಹೇಳಿಕೆ. ಗಾಲಿ ಶಕ್ತಿಯನ್ನು ಕೂಡಿಡುತ್ತದೆ, ಹುಟ್ಟಿಸುವುದಿಲ್ಲ. ಒಂದು ಮೀಟರ್ ವ್ಯಾಸದ, 100 ಕಿಲೋ ತೂಕದ, ನಿಮಿಷಕ್ಕೆ 1,500 ಸುತ್ತು ತಿರುಗುವ ಗಟ್ಟಿ ಗಾಲಿಯಲ್ಲಿ ಇರುವ ಎಲ್ಲ ಶಕ್ತಿಯನ್ನೂ 5 ಕಿಲೋವ್ಯಾಟಿನಂತೆ ಹೊರತೆಗೆದರೆ ಅದು ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಉಳಿದದ್ದು ನಷ್ಟದ ಲೆಕ್ಕ: ಮೋಟರ್ ತನಗೆ ಬಂದ ವಿದ್ಯುತ್ತಿನಲ್ಲಿ ಶೇ 80ರಷ್ಟನ್ನು ತಿರುಗುವಿಕೆಯಾಗಿ ಕೊಟ್ಟಿತು, ಬೆಲ್ಟ್ ಅದರ ಶೇ 95 ದಾಟಿಸಿತು, ಆಲ್ಟರ್ನೇಟರ್ ಅದರ ಶೇ 80 ವಿದ್ಯುತ್ತಾಗಿ ಮರಳಿಸಿತು ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 100 ಹಾಕಿದವನಿಗೆ ಸುಮಾರು 61 ಹಿಂದಕ್ಕೆ ಬರುತ್ತದೆ. ಇವು ಒಳ್ಳೆಯ ಯಂತ್ರಗಳ ಅಂಕಿಗಳೇ.

ಆಯಸ್ಕಾಂತದ ಮಾತು ಬಂದಾಗ ಅಡುಗೆಮನೆಯ ಫ್ರಿಜ್ಜಿನ ಬಳಿ ಹೋಗಿ. ಬಾಗಿಲು ಮುಚ್ಚುವಾಗ ಕೊನೆಯ ಒಂದು ಬೆರಳಿನಷ್ಟು ದೂರವನ್ನು ರಬ್ಬರಿನೊಳಗಿನ ಆಯಸ್ಕಾಂತವೇ ಎಳೆದುಕೊಳ್ಳುತ್ತದೆ. ಆದರೆ ತೆರೆಯುವಾಗ ಅದೇ ಒಂದು ಬೆರಳಿನಷ್ಟು ದೂರಕ್ಕೆ ನಿಮ್ಮ ಕೈ ಜೋರು ಹಾಕಬೇಕು. ಎಳೆದುಕೊಂಡಾಗ ಕೊಟ್ಟದ್ದನ್ನು ಬಿಡಿಸುವಾಗ ವಾಪಸು ಪಡೆಯುತ್ತದೆ. ಚಕ್ರದ ಸುತ್ತ ಎಷ್ಟೇ ಆಯಸ್ಕಾಂತಗಳನ್ನು ಯಾವ ಕೋನದಲ್ಲಿ ಕೂರಿಸಿದರೂ ಒಂದು ಪೂರ್ಣ ಸುತ್ತಿನ ಕೊನೆಗೆ ಈ ಕೊಡು–ಕೊಳ್ಳುವ ಲೆಕ್ಕ ಸೊನ್ನೆಗೇ ಬರುತ್ತದೆ. ಘರ್ಷಣೆ ಸೇರಿದರೆ ಸೊನ್ನೆಗಿಂತ ಕೆಳಗೆ.

ನೀರನ್ನು ಇಂಧನ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೇ: ನೀರು ಎಂದರೆ ಈಗಾಗಲೇ ಉರಿದು ಮುಗಿದ ಹೈಡ್ರೋಜನ್. ಒಲೆಯ ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಅದು ಉರಿದಾಗ ಕೊಟ್ಟ ಶಾಖವನ್ನೆಲ್ಲ ಮರಳಿ ಕೊಡಬೇಕು. ನೀರಿನಿಂದ ಒಂದು ಕಿಲೋ ಹೈಡ್ರೋಜನ್ ಬಿಡಿಸಲು ಕನಿಷ್ಠ 39 ಯೂನಿಟ್, ವಾಸ್ತವದಲ್ಲಿ 50 ಯೂನಿಟ್ ಸುಮಾರು ಬೇಕು. ಅದನ್ನು ಸಾಧಾರಣ ಎಂಜಿನ್ ಜನರೇಟರಿನಲ್ಲಿ ಉರಿಸಿದರೆ 10 ಯೂನಿಟ್ ಆಸುಪಾಸು ಸಿಗುತ್ತದೆ. ನೀರಿನಿಂದ ಕಾರು ಓಡಿಸುತ್ತೇನೆಂದು ಹೆಸರು ಮಾಡಿದ್ದ ಅಮೆರಿಕದ ಸ್ಟ್ಯಾನ್ಲಿ ಮೇಯರ್ ಮೇಲೆ ಹಣ ಹೂಡಿದವರೇ ಮೊಕದ್ದಮೆ ಹೂಡಿದಾಗ, 1996ರಲ್ಲಿ ಓಹಾಯೊದ ನ್ಯಾಯಾಲಯ ಅದನ್ನು ವಂಚನೆ ಎಂದು ಹೇಳಿ ಹಣ ಹಿಂದಿರುಗಿಸಲು ಆದೇಶಿಸಿತು.

ಐದನೆಯ ಉತ್ತರವೊಂದು ಈಚೆಗೆ ಕೇಳಿಬರುತ್ತದೆ: ಭೂಮಿಯಿಂದಲೇ ವಿದ್ಯುತ್. ನೆಲಕ್ಕೆ ಹುಗಿದ ಸರಳಿನಿಂದ ಒಂದು ತಂತಿ, ಮನೆಯ ವೈರಿಂಗಿನಿಂದ ಇನ್ನೊಂದು ತಂತಿ, ನಡುವೆ ಉರಿಯುವ ಬಲ್ಬು. ಅಲ್ಲಿ ಉರಿಯುತ್ತಿರುವುದು ಎಸ್ಕಾಂನ ವಿದ್ಯುತ್ತು. ಮೀಟರನ್ನು ತಪ್ಪಿಸುವ ಉದ್ದೇಶದಿಂದ ಹೀಗೆ ಮಾಡಿದರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ನಿನಡಿ ಕಳವು. ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕಾನೂನಿಗಿಂತ ಮೊದಲು ಪ್ರಾಣದ ಮಾತು: ತೇವದ ನೆಲದಲ್ಲಿ ಆ ಸರಳಿನ ಬಳಿ ಬರಿಗಾಲಲ್ಲಿ ನಿಂತ ಮಗುವಿಗೋ ಕಟ್ಟಿದ ಹಸುವಿಗೋ ಶಾಕ್ ಹೊಡೆಯಬಹುದು. ಇದನ್ನು ಪರೀಕ್ಷಿಸಿ ನೋಡಲೂ ಹೋಗಬೇಡಿ.

ಎಷ್ಟು ಹೊತ್ತು ನಡೆಯಿತು ಎಂಬುದನ್ನು ಪೆಟ್ಟಿಗೆಯ ತೂಕದ ಜೊತೆ ಹೋಲಿಸಿ

"ನಾನೇ ಕಣ್ಣಾರೆ ಕಂಡೆ, ಎರಡು ಗಂಟೆ ಬಲ್ಬು ಉರಿಯಿತು" ಎಂದು ಚಿಕ್ಕಪ್ಪ ಹೇಳಿದ್ದರು. ಅವರು ಕಂಡದ್ದು ನಿಜ. ಆದರೆ ಇನ್ವರ್ಟರಿಗೆ ಬಳಸುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಸಾಧಾರಣ ಬ್ಯಾಟರಿಯಲ್ಲಿ 1.8 ಯೂನಿಟ್ ವಿದ್ಯುತ್ ತುಂಬಿರುತ್ತದೆ. ನಷ್ಟಗಳನ್ನು ಕಳೆದರೂ 100 ವ್ಯಾಟ್‌ನ ಬಲ್ಬನ್ನು ಅದು ಹತ್ತು ಗಂಟೆಗೂ ಮೇಲೆ ಉರಿಸಬಲ್ಲದು. ಲಿಥಿಯಂ ಬ್ಯಾಟರಿ ಇನ್ನೂ ಹಗುರ: ಒಂದು ಕಿಲೋ ತೂಕಕ್ಕೆ ಸುಮಾರು 150 ವ್ಯಾಟ್-ಗಂಟೆ. ಹತ್ತು ಕಿಲೋ ತೂಕದ ಮುಚ್ಚಿದ ಪೆಟ್ಟಿಗೆಯ ಬಹುಭಾಗ ಲಿಥಿಯಂ ಬ್ಯಾಟರಿಯೇ ಆಗಿದ್ದರೆ 9 ವ್ಯಾಟ್‌ನ ಎಲ್ಇಡಿ ಬಲ್ಬನ್ನು ಸುಮಾರು ಒಂದು ವಾರ ಹಗಲು ರಾತ್ರಿ ಉರಿಸಬಹುದು.

ಆದ್ದರಿಂದ ಪ್ರಾತ್ಯಕ್ಷಿಕೆಯಲ್ಲಿ ಮೂರು ಸಂಖ್ಯೆಗಳನ್ನು ಬರೆದುಕೊಳ್ಳಿ: ಯಂತ್ರದ ತೂಕ, ಅದಕ್ಕೆ ಹಚ್ಚಿದ ಲೋಡಿನ ವ್ಯಾಟ್, ನಡೆದ ಗಂಟೆ. ವ್ಯಾಟನ್ನು ಗಂಟೆಯಿಂದ ಗುಣಿಸಿ, ಬಂದದ್ದನ್ನು ಕಿಲೋ ತೂಕದಿಂದ ಭಾಗಿಸಿ. ಉತ್ತರ 200ಕ್ಕಿಂತ ಕಡಿಮೆ ಇದ್ದರೆ ಆ ಪ್ರದರ್ಶನದಿಂದ ಏನೂ ಸಾಬೀತಾಗಿಲ್ಲ, ಏಕೆಂದರೆ ಅಂಗಡಿಯಲ್ಲಿ ಸಿಗುವ ಬ್ಯಾಟರಿಯೂ ಅಷ್ಟೇ ಮಾಡುತ್ತದೆ. ನಾನು ಹೋದ ಪ್ರದರ್ಶನಗಳಲ್ಲಿ ಈ ಸಂಖ್ಯೆ 20ನ್ನೂ ದಾಟಿದ್ದಿಲ್ಲ.

ಮೊಬೈಲಿನಲ್ಲಿ ಬರುವ ವಿಡಿಯೊಗಳಿಗೆ ಇನ್ನೂ ಸರಳ ವಿವರಣೆ ಇರುತ್ತದೆ. ಕರೆಂಟು ಹೋದಾಗಲೂ ಉರಿಯುವ ಇನ್ವರ್ಟರ್ ಬಲ್ಬುಗಳು ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ಅವುಗಳ ಒಳಗೆ ಪುಟ್ಟ ಬ್ಯಾಟರಿ ಇರುತ್ತದೆ. ಬಲ್ಬಿನ ಬುಡದಲ್ಲಿರುವ ಎರಡು ಲೋಹದ ಚುಕ್ಕೆಗಳನ್ನು ಒದ್ದೆ ಬೆರಳಿನಿಂದ ಸೇರಿಸಿದರೂ ಸಾಕು, ಬಲ್ಬು ಉರಿಯುತ್ತದೆ. ಆಯಸ್ಕಾಂತಕ್ಕೆ ಸುತ್ತಿದ ತಂತಿಯ ಎರಡು ತುದಿ ತಾಗಿಸಿದಾಗ ಆಗುವುದೂ ಇದೇ. ಮಕ್ಕಳ ಮುಂದೆ ಒಮ್ಮೆ ಮಾಡಿ ತೋರಿಸಿ. ಆಮೇಲೆ ಆ ವಿಡಿಯೊಗಳನ್ನು ಅವರು ಯಾರಿಗೂ ಕಳುಹಿಸುವುದಿಲ್ಲ.

ಪ್ರದರ್ಶನದ ಸ್ಥಳ ಯಾರದ್ದು ಎಂಬುದನ್ನು ಗಮನಿಸಿ

1812ರಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬಾತ ಅಮೆರಿಕದ ಫಿಲಡೆಲ್ಫಿಯಾದಲ್ಲಿ ತಾನೇ ತಿರುಗುವ ಯಂತ್ರವನ್ನು ಹಣ ಪಡೆದು ತೋರಿಸುತ್ತಿದ್ದ. ಮರುವರ್ಷ ಅದನ್ನು ನ್ಯೂಯಾರ್ಕಿಗೆ ತಂದಾಗ ಉಗಿಹಡಗಿನಿಂದ ಪ್ರಸಿದ್ಧನಾಗಿದ್ದ ರಾಬರ್ಟ್ ಫುಲ್ಟನ್ ನೋಡಲು ಹೋದ. ಆತ ಸಿದ್ಧಾಂತ ಚರ್ಚಿಸಲಿಲ್ಲ, ಕಿವಿಗೊಟ್ಟು ಕೇಳಿದ. ತಿರುಗುವ ವೇಗ ಒಂದೇ ಸಮ ಇರಲಿಲ್ಲ, ಮನುಷ್ಯ ಕೈಯಿಂದ ತಿರುಗಿಸಿದ ಹಾಗೆ ಏರಿಳಿಯುತ್ತಿತ್ತು. ಯಂತ್ರವನ್ನು ಗೋಡೆಗೆ ಆನಿಸಿದ್ದ ಹಲಗೆಯ ಪಟ್ಟಿಗಳನ್ನು ಕಿತ್ತಾಗ ಒಳಗಿನಿಂದ ಹೋಗಿದ್ದ ನರದ ಹುರಿಯೊಂದು ಕಂಡಿತು. ಅದನ್ನು ಹಿಂಬಾಲಿಸಿ ಅಟ್ಟಕ್ಕೆ ಹೋದರೆ ಅಲ್ಲಿ ಒಬ್ಬ ಮುದುಕ ಕುಳಿತು ಹಿಡಿಕೆ ತಿರುಗಿಸುತ್ತಿದ್ದ. ಅದೇ ಫಿಲಡೆಲ್ಫಿಯಾದ ಜಾನ್ ಕೀಲಿ 1870ರ ದಶಕದಿಂದ ಕಾಲು ಶತಮಾನ ಷೇರುದಾರರ ಹಣದಲ್ಲಿ ತನ್ನ ಮೋಟರ್ ತೋರಿಸುತ್ತ ಬಂದ. 1898ರಲ್ಲಿ ಆತ ಸತ್ತ ಮೇಲೆ ಪ್ರಯೋಗಶಾಲೆಯ ನೆಲದಡಿ ಅಗೆದಾಗ ಟನ್ನುಗಟ್ಟಲೆ ತೂಗುವ ಲೋಹದ ಗೋಳವೂ ಕೊಳವೆಗಳೂ ಸಿಕ್ಕಿದವು. ಯಂತ್ರಗಳನ್ನು ನಡೆಸುತ್ತಿದ್ದುದು ಒತ್ತಿ ತುಂಬಿದ ಗಾಳಿ ಎಂದು ಪರೀಕ್ಷಿಸಿದವರು ತೀರ್ಮಾನಿಸಿದರು.

ಈ ಎರಡು ಪ್ರಸಂಗಗಳಿಂದ ನಿಮಗೆ ಬೇಕಾದ ಪಾಠ ಒಂದೇ: ಸ್ಥಳ ನಿಮ್ಮದಿರಲಿ. ಯಂತ್ರವನ್ನು ಬಯಲಿನಲ್ಲಿ, ಮರದ ಮೇಜಿನ ಮೇಲೆ, ಗೋಡೆಯಿಂದ ದೂರವಾಗಿ ಇಡಲು ಹೇಳಿ. ಆರಂಭಕ್ಕೆ ಬಳಸಿದ ಬ್ಯಾಟರಿಯನ್ನು ತಂತಿ ಸಮೇತ ಬಿಚ್ಚಿ ಬೇರೆ ಕೋಣೆಗೆ ಒಯ್ಯಲು ಹೇಳಿ. ತಾನೇ ನಡೆಯುವ ಯಂತ್ರಕ್ಕೆ ಆಮೇಲೆ ಬ್ಯಾಟರಿಯ ಅಗತ್ಯವಿಲ್ಲ. ನಾನು ಹೀಗೆ ಕೇಳಿದಾಗಲೆಲ್ಲ ಒಂದಲ್ಲ ಒಂದು ಕಾರಣ ಬಂದಿದೆ: ರಹಸ್ಯ ಸೋರುತ್ತದೆ, ಇದು ಹಳೆಯ ಮಾದರಿ, ಬೇರಿಂಗ್ ಸರಿಯಿಲ್ಲ. ಐರ್ಲೆಂಡಿನ ಸ್ಟಿಯೋರ್ನ್ ಎಂಬ ಕಂಪನಿ ಪುಕ್ಕಟೆ ಶಕ್ತಿ ಕೊಡುವ ಸಾಧನ ತನ್ನಲ್ಲಿದೆ ಎಂದು 2006ರಲ್ಲಿ ದೊಡ್ಡ ಜಾಹೀರಾತು ಕೊಟ್ಟು, 2007ರಲ್ಲಿ ಲಂಡನ್ನಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ದಿನ ಗೊತ್ತುಮಾಡಿ, ದೀಪಗಳ ಶಾಖದಿಂದ ತೊಂದರೆಯಾಯಿತೆಂದು ಅದನ್ನು ರದ್ದುಪಡಿಸಿತು. ಕಂಪನಿಯೇ ಕರೆಸಿದ್ದ ತಜ್ಞರ ಮಂಡಳಿ 2009ರಲ್ಲಿ ಶಕ್ತಿ ಉತ್ಪಾದನೆ ಸಾಬೀತಾಗಿಲ್ಲ ಎಂದು ಒಮ್ಮತದಿಂದ ಹೇಳಿತು. ಬಿಚ್ಚಿ ತೋರಿಸಲಾಗದು ಎನ್ನುವವರಿಗೆ ಬಿಚ್ಚದಿದ್ದರೂ ಸರಿ, ಬಿಟ್ಟು ಹೋಗಿ, ಹದಿನೈದು ದಿನ ನಮ್ಮ ಹಿತ್ತಲಿನಲ್ಲಿ ನಡೆಯಲಿ ಎನ್ನಿ.

ವೋಲ್ಟ್ ಅಲ್ಲ, ಬಕೆಟ್ಟಿನ ನೀರು ನೋಡಿ

ಮಲ್ಟಿಮೀಟರಿನಲ್ಲಿ 230 ವೋಲ್ಟ್ ಕಂಡರೆ ಜನ ಚಪ್ಪಾಳೆ ತಟ್ಟುತ್ತಾರೆ. ಲೋಡ್ ಇಲ್ಲದಾಗ ಕಾಣುವ ವೋಲ್ಟಿಗೆ ಶಕ್ತಿಯ ಅರ್ಥವಿಲ್ಲ. ಅಗ್ಗದ ಮೀಟರುಗಳು ಮುಖ್ಯ ಸರಬರಾಜಿನ ನಯವಾದ ಅಲೆಯನ್ನಷ್ಟೇ ಸರಿಯಾಗಿ ಅಳೆಯುತ್ತವೆ. ಕಿಡಿ ಹಾರುವ ಸುರುಳಿಗಳಿಂದ ಬರುವ ಮೊನಚಾದ ಅಲೆಗಳನ್ನು ಅಳೆದಾಗ ಇಲ್ಲದ ವಿದ್ಯುತ್ತನ್ನೂ ತೋರಿಸಿಬಿಡುತ್ತವೆ. ಪ್ರಾಮಾಣಿಕ ಸಂಶೋಧಕರು ತಮ್ಮನ್ನು ತಾವೇ ನಂಬಿಸಿಕೊಳ್ಳುವುದು ಬಹುತೇಕ ಇಲ್ಲಿಯೇ. ಜೋಸೆಫ್ ನ್ಯೂಮನ್ ಎಂಬ ಅಮೆರಿಕನ್ನನ ಯಂತ್ರವನ್ನು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ 1986ರಲ್ಲಿ ಸರಿಯಾದ ಉಪಕರಣಗಳಿಂದ ಅಳೆದಾಗ, ಪರೀಕ್ಷಿಸಿದ ಎಲ್ಲ ಸಂದರ್ಭಗಳಲ್ಲೂ ಒಳಹೋದದ್ದಕ್ಕಿಂತ ಹೊರಬಂದದ್ದು ಕಡಿಮೆಯೇ ಇತ್ತು.

ಮನೆಯಲ್ಲಿ ಇದಕ್ಕೆ ಮೋಸ ಹೋಗದ ಅಳತೆಯೊಂದಿದೆ. ಹತ್ತು ಲೀಟರ್ ನೀರಿನ ಬಕೆಟ್, 1000 ವ್ಯಾಟ್‌ನ ಕಾಯಿಲ್, ಒಂದು ಥರ್ಮಾಮೀಟರ್. ಹತ್ತು ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು 0.23 ಯೂನಿಟ್ ಬೇಕು. ನಿಜವಾಗಿ 1000 ವ್ಯಾಟ್ ಬರುತ್ತಿದ್ದರೆ 14 ನಿಮಿಷದಲ್ಲಿ, ಬಕೆಟ್ಟಿನಿಂದ ಸೋರುವ ಶಾಖ ಸೇರಿಸಿದರೆ ಒಂದೆರಡು ನಿಮಿಷ ಹೆಚ್ಚಿಗೆ, ನೀರು 25ರಿಂದ 45 ಡಿಗ್ರಿಗೆ ಏರಬೇಕು. ಮೊದಲು ಮನೆಯ ಪ್ಲಗ್ಗಿಗೆ ಹಾಕಿ ಮಾಡಿ ನೋಡಿ, ಆಮೇಲೆ ಅದೇ ಬಕೆಟ್, ಅದೇ ಕಾಯಿಲ್ಲನ್ನು ಯಂತ್ರಕ್ಕೆ ಹಾಕಿ. ಕಾಯಿಲ್ ಉರಿಯುವಾಗ ನೀರಿಗೆ ಕೈ ಹಾಕಬಾರದು; ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಕಲಕಿ ಡಿಗ್ರಿ ನೋಡಬೇಕು. ಮೀಟರನ್ನು ದಾರಿ ತಪ್ಪಿಸಬಹುದು, ನೀರನ್ನು ಸುಳ್ಳು ಹೇಳಿ ಬಿಸಿ ಮಾಡಲಾಗದು.

ಪ್ಲಗ್ಗಿಗೆ ಚುಚ್ಚುವ "ಪವರ್ ಸೇವರ್"

ಪ್ಲಗ್ಗಿಗೆ ಚುಚ್ಚಿಟ್ಟರೆ ಸಾಕು, ಬಿಲ್ ಇಳಿಯುತ್ತದೆ ಎಂದು ಮಾರುವ ಪುಟ್ಟ ಪೆಟ್ಟಿಗೆ ಇದು. ಸಣ್ಣ ಮೊತ್ತದ ವ್ಯವಹಾರವಾದ್ದರಿಂದಲೇ ಹೆಚ್ಚು ಮನೆಗಳನ್ನು ಹೊಕ್ಕಿದೆ. ಜಾತ್ರೆಯ ಮಳಿಗೆಯೊಂದರಿಂದ ಪಕ್ಕದ ಮನೆಯವರು ತಂದಿದ್ದ ಒಂದನ್ನು ನಾವಿಬ್ಬರೂ ಊಟದ ಮೇಜಿನ ಮೇಲೆ ಬಿಚ್ಚಿದೆವು. ನಾಲ್ಕು ಸ್ಕ್ರೂ ತೆಗೆದಾಗ ಒಳಗೆ ಕಂಡದ್ದು ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಕೆಪಾಸಿಟರ್, ಎರಡು ರೆಸಿಸ್ಟರ್, ನಾಲ್ಕು ಡಯೋಡ್, ಹಸಿರು ದೀಪ. ಮಾರುವವರು ಮೋಟರಿನ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಆಂಪಿಯರ್ ಇಳಿಯುವುದನ್ನು ತೋರಿಸುತ್ತಾರೆ. ಅದು ಇಳಿಯುವುದು ನಿಜ: ಮೋಟರಿಗೂ ತಂತಿಗೂ ನಡುವೆ ಹೋಗಿ ಬರುವ, ಕೆಲಸ ಮಾಡದ ವಿದ್ಯುತ್ತನ್ನು ಕೆಪಾಸಿಟರ್ ತಾನೇ ಒದಗಿಸುತ್ತದೆ. ಆದರೆ ಗೃಹಬಳಕೆಯ ಮೀಟರ್ ಅದನ್ನು ಮೊದಲಿನಿಂದಲೂ ಯೂನಿಟ್ಟಿಗೆ ಸೇರಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಕೆಪಾಸಿಟರಿನಿಂದ ಲಾಭವಿದೆ, ಮನೆಗೆ ಇಲ್ಲ.

ನೀವೇ ಪರೀಕ್ಷಿಸಿ. ನಿಮ್ಮ ಮೀಟರಿನಲ್ಲಿ ಮಿಣುಕುವ ಕೆಂಪು ದೀಪದ ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಇರುತ್ತದೆ. ಅದು 3200 ಎಂದಿದ್ದರೆ, ಫ್ರಿಜ್, ಟಿವಿ, ವೈಫೈ ಎಲ್ಲವನ್ನೂ ಆರಿಸಿ 75 ವ್ಯಾಟ್‌ನ ಒಂದೇ ಫ್ಯಾನ್ ಓಡಿಸಿ: ಹತ್ತು ನಿಮಿಷಕ್ಕೆ 40 ಮಿಣುಕು ಬರಬೇಕು. ಈಗ ಸೇವರ್ ಚುಚ್ಚಿ ಮತ್ತೆ ಹತ್ತು ನಿಮಿಷ ಎಣಿಸಿ. ನಮಗೆ ಮೊದಲ ಸಲ 40, ಎರಡನೆಯ ಸಲ 41 ಬಂತು. ಆ ಹಸಿರು ದೀಪಕ್ಕೂ ಸ್ವಲ್ಪ ವಿದ್ಯುತ್ ಬೇಕಲ್ಲವೇ.

ಕಾಗದಪತ್ರ ಮತ್ತು ಹಣ

"ಪೇಟೆಂಟ್ ಆಗಿದೆ" ಎಂದರೆ ಸಂಖ್ಯೆ ಕೇಳಿ, ಅದು ಅರ್ಜಿಯ ಸಂಖ್ಯೆಯೋ ಮಂಜೂರಾದ ಪೇಟೆಂಟಿನದೋ ಎಂದು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ನೋಡಿ. ಅರ್ಜಿಯನ್ನು ಯಾರೂ ಸಲ್ಲಿಸಬಹುದು, ಸಾಮಾನ್ಯವಾಗಿ 18 ತಿಂಗಳ ನಂತರ ಅದು ಪ್ರಕಟವೂ ಆಗುತ್ತದೆ. ಯಂತ್ರ ನಡೆಯುತ್ತದೆ ಎಂಬುದಕ್ಕೆ ಅದು ಪುರಾವೆಯಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್, ಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಆವಿಷ್ಕಾರವೆಂದೇ ಪರಿಗಣಿಸುವುದಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಯಂತ್ರಗಳ ಪರಿಶೀಲನೆಯನ್ನೇ 1775ರಲ್ಲಿ ನಿಲ್ಲಿಸಿತ್ತು. ಸಚಿವರ ಜೊತೆಗಿನ ಫೋಟೊ, ಪತ್ರಿಕೆಯ ತುಣುಕು, ಸನ್ಮಾನದ ಶಾಲು ಇವು ಪರೀಕ್ಷಾ ವರದಿಗಳಲ್ಲ. 1996ರಲ್ಲಿ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದ ತಮಿಳುನಾಡಿನ ರಾಮರ್ ಪಿಳ್ಳೈಗೆ ದೇಶದ ಪತ್ರಿಕೆಗಳಲ್ಲೆಲ್ಲ ಪ್ರಚಾರ ಸಿಕ್ಕಿತ್ತು. 2016ರಲ್ಲಿ ಚೆನ್ನೈಯ ನ್ಯಾಯಾಲಯ ವಂಚನೆಗಾಗಿ ಮೂರು ವರ್ಷದ ಶಿಕ್ಷೆ ವಿಧಿಸಿತು. ನಮ್ಮ ಬೆಂಗಳೂರಿನಲ್ಲೇ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವುದು ಅದರ ಕೆಲಸ. ಅಲ್ಲಿನ ಅಥವಾ ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯದ ವರದಿಯಲ್ಲಿ ಒಳಹೋದ ಯೂನಿಟ್, ಹೊರಬಂದ ಯೂನಿಟ್, ನಡೆದ ಗಂಟೆ ಈ ಮೂರೂ ಇದ್ದರೆ ಮುಂದೆ ಮಾತಾಡೋಣ ಎನ್ನಿ.

ಹಣದ ವಿಷಯದಲ್ಲಿ ನನ್ನ ನಿಲುವು ಕಠಿಣ. ಮನೆಯಲ್ಲಿ ನಡೆದು ತೋರಿಸದ ಯಂತ್ರಕ್ಕೆ ಒಂದು ರೂಪಾಯಿ ಮುಂಗಡವೂ ಬೇಡ. ಯಂತ್ರ ಬರುವ ಮೊದಲೇ ಡೀಲರ್‌ಶಿಪ್ ಮಾರುವವರು, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಎನ್ನುವವರು ನಿಮ್ಮ ಬಂಧುಗಳ ನಂಬಿಕೆಯನ್ನು ಮಾರುತ್ತಿದ್ದಾರೆ. ಹಣ ಹೋಗಿದ್ದರೆ ನಾಚಿ ಸುಮ್ಮನಿರಬೇಡಿ. ಕರಪತ್ರ, ರಸೀದಿ, ಸಂದೇಶ ಎಲ್ಲವನ್ನೂ ಜೋಪಾನ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆನ್‌ಲೈನಿನಲ್ಲಿ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಚಿಕ್ಕಪ್ಪ ಆರು ತಿಂಗಳು ಯಾರಿಗೂ ಹೇಳದೆ ಇದ್ದದ್ದರಿಂದ ಅದೇ ಬೀದಿಯ ಇನ್ನೂ ಮೂವರು ಹಣ ಕಟ್ಟಿದರು.

ಬಿಲ್ ಇಳಿಸುವ ನಿಜವಾದ ದಾರಿಗಳು ಗೊತ್ತಿರುವಂಥವೇ, ಅವುಗಳ ಲಾಭವೂ ಮಿತವಾದದ್ದು. 75 ವ್ಯಾಟ್‌ನ ಹಳೆಯ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 13.5 ಯೂನಿಟ್ ಉಳಿಯುತ್ತದೆ. ಮಾಳಿಗೆಯ ಸೌರ ಫಲಕ ಪ್ರತಿ ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಮಳೆಗಾಲದಲ್ಲಿ ಕಡಿಮೆ ಬರುತ್ತದೆ ಎಂದು ಅದನ್ನು ಮಾರುವವರೇ ಹೇಳುತ್ತಾರೆ; ಆ ಮಾತಿನಿಂದಲೇ ಅವರ ಮೇಲೆ ನನಗೆ ನಂಬಿಕೆ.

ಸಂಶೋಧಕ ನಿಮ್ಮ ಮನೆಯ ಹುಡುಗನೇ ಆಗಿದ್ದರೆ

ಆಗ ಮಾತು ಬೇರೆ. ನಮ್ಮ ಊರಿನ ಐಟಿಐ ಓದಿದ ಹುಡುಗನೊಬ್ಬ ಎರಡು ವರ್ಷ ದುಡಿದು ಫ್ಲೈವೀಲ್ ಯಂತ್ರ ಕಟ್ಟಿದ್ದ. ವೆಲ್ಡಿಂಗ್ ಅಚ್ಚುಕಟ್ಟಾಗಿತ್ತು, ಗಾಲಿ ಒಂದಿಷ್ಟೂ ಅದುರದೆ ತಿರುಗುತ್ತಿತ್ತು. ಇದು ಆಗದ ಮಾತು ಎಂದು ಈ ಸಲ ನಾನು ಹೇಳಲಿಲ್ಲ. ತುಂಬ ಚಾರ್ಜ್ ಮಾಡಿದ ಒಂದೇ ಬ್ಯಾಟರಿಯಿಂದ 200 ವ್ಯಾಟ್‌ನ ಒಂದೇ ಬಲ್ಬನ್ನು ಒಂದು ದಿನ ಯಂತ್ರದ ಮೂಲಕ, ಇನ್ನೊಂದು ದಿನ ಯಂತ್ರ ಬಿಟ್ಟು ನೇರ ಇನ್ವರ್ಟರಿನಿಂದ ಉರಿಸೋಣ, ಹೆಚ್ಚು ಹೊತ್ತು ಯಾವುದು ಉರಿಯುತ್ತದೆ ನೋಡೋಣ ಎಂದೆ. "ಸರಿ ಸರ್, ಯಂತ್ರದ್ದೇ ಜಾಸ್ತಿ ಬರುತ್ತೆ, ನೋಡಿ ಬೇಕಾದ್ರೆ" ಎಂದ. ಮೊದಲ ದಿನ ಬಲ್ಬು 2 ಗಂಟೆ 35 ನಿಮಿಷ ಉರಿಯಿತು. ಎರಡನೆಯ ದಿನ 4 ಗಂಟೆ 5 ನಿಮಿಷ. ಎರಡೂ ಅಂಕಿಗಳನ್ನು ಅವನು ತನ್ನ ನೋಟುಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದು, ಬಹಳ ಹೊತ್ತು ನೋಡಿ, ಆ ಒಂದೂವರೆ ಗಂಟೆ ಬೆಲ್ಟಿನಲ್ಲಿ ಎಷ್ಟು ಹೋಯಿತು, ಬೇರಿಂಗಿನಲ್ಲಿ ಎಷ್ಟು ಹೋಯಿತು ಎಂದು ಅಳೆಯುವುದು ಹೇಗೆ ಸರ್ ಎಂದು ಕೇಳಿದ.